ಗೆದ್ದ ಆಟವನ್ನು ಓದುವವರು ಯಾರು?

2009ರ ಮಾರ್ಚ್ 11ರಂದು ಜರ್ಮನಿಯ ವಿನೆಂಡೆನ್ ಎಂಬ ಊರಿನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬ ತಂದೆಯ ಪಿಸ್ತೂಲು ಹಿಡಿದು, ತಾನು ಓದಿದ್ದ ಶಾಲೆಗೇ ನುಗ್ಗಿ ಗುಂಡು ಹಾರಿಸಿದ. ಆ ದಿನ ಹದಿನೈದು ಜನ ಸತ್ತರು, ಕೊನೆಗೆ ಅವನೂ ಸತ್ತ. ಅವನ ಕೋಣೆಯ ಕಂಪ್ಯೂಟರಿನಲ್ಲಿ ಯಾವ ಆಟಗಳಿದ್ದವು ಎಂಬುದು ಕೆಲವೇ ದಿನಗಳಲ್ಲಿ ಇಡೀ ದೇಶದ ಚರ್ಚೆಯಾಯಿತು. ಗುಂಡು ಹಾರಿಸುವ ವಿಡಿಯೋ ಗೇಮ್‌ಗಳಿಗೆ ಜರ್ಮನ್ ಭಾಷೆಯಲ್ಲಿ ಆಗಲೇ ಒಂದು ಹೆಸರು ಬಿದ್ದಿತ್ತು: ಕಿಲ್ಲರ್‌ಶ್ಪೀಲೆ, ಅಂದರೆ ಕೊಲೆಗಡುಕ ಆಟಗಳು. ಇದಾಗಿ ಸರಿಯಾಗಿ ಇಪ್ಪತ್ತು ದಿನಕ್ಕೆ, ಮಾರ್ಚ್ 31ರಂದು, ಮ್ಯೂನಿಕ್ ನಗರದಲ್ಲಿ ಒಂದು ಸಮಾರಂಭ ನಡೆಯಿತು. ಜರ್ಮನ್ ಸರ್ಕಾರವೂ ಗೇಮ್ ಉದ್ಯಮದ ಸಂಘಗಳೂ ಕೂಡಿ, ತಮ್ಮ ನೆಲದಲ್ಲಿ ಹುಟ್ಟಿದ ಅತ್ಯುತ್ತಮ ವಿಡಿಯೋ ಗೇಮ್‌ಗೆ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಕೊಟ್ಟವು. ಆ ಪ್ರಶಸ್ತಿಯ ಹೆಸರು ಡೊಯಿಚರ್ ಕಂಪ್ಯೂಟರ್‌ಶ್ಪೀಲ್‌ಪ್ರೈಸ್, ಜರ್ಮನ್ ಕಂಪ್ಯೂಟರ್ ಗೇಮ್ ಪ್ರಶಸ್ತಿ.

ಈ ಎರಡು ತಾರೀಖುಗಳು ಅಕ್ಕಪಕ್ಕ ಬಂದದ್ದು ಕಾಕತಾಳೀಯವೇ. ಆದರೆ ಆ ಪ್ರಶಸ್ತಿಯ ಮುಂದಿನ ಚರಿತ್ರೆಯೆಲ್ಲ ಆ ಇಪ್ಪತ್ತು ದಿನಗಳ ಅಂತರದಲ್ಲೇ ಅಡಗಿದೆ ಅನ್ನಿಸುತ್ತದೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಹಾರ ಹಿಡಿದು ನಿಂತ ಸರ್ಕಾರವೊಂದು ಒಂದು ಹೊಸ ಕಲಾಪ್ರಕಾರವನ್ನು ಹೇಗೆ ನೋಡುತ್ತದೆ, ನೋಡುವಾಗ ಏನನ್ನು ಕಾಣದೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ವಿಡಿಯೋ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಎನ್ನುವುದು ಇನ್ನೂ ಇಲ್ಲವೇ ಇಲ್ಲ ಎನ್ನಬಹುದಾದ ಈ ಹೊತ್ತಿನಲ್ಲಿ ಆ ದೂರದ ಪ್ರಶಸ್ತಿಯ ಕಥೆಯನ್ನು ಬಿಡಿಸಿ ನೋಡುವುದರಿಂದ ನಮಗೂ ಒಂದು ಉಪಯೋಗವುಂಟು.

ಕಥೆ ಶುರುವಾಗುವುದು 2002ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಎರ್ಫುರ್ಟ್ ನಗರದ ಶಾಲೆಯೊಂದರಲ್ಲೂ ಇಂಥದೇ ಹತ್ಯಾಕಾಂಡ ನಡೆದು ಹದಿನಾರು ಜನ ಬಲಿಯಾಗಿದ್ದರು. ಆಗ ಎದ್ದ ಕೂಗು ಎಷ್ಟು ಬಲವಾಗಿತ್ತೆಂದರೆ, 2005ರಲ್ಲಿ ಅಧಿಕಾರಕ್ಕೆ ಬಂದ ಮಹಾಮೈತ್ರಿ ಸರ್ಕಾರದ ಒಪ್ಪಂದ ಪತ್ರದಲ್ಲೇ ಕೊಲೆಗಡುಕ ಆಟಗಳ ನಿಷೇಧದ ಮಾತು ಸೇರಿತು. ಅದೇ ಸರ್ಕಾರದ ಅವಧಿಯಲ್ಲಿ, 2008ರಲ್ಲಿ, ಸಂಸತ್ತು ಒಳ್ಳೆಯ ಆಟಗಳಿಗೆ ಪ್ರೋತ್ಸಾಹ ಕೊಡಬೇಕೆಂದು ನಿರ್ಣಯಿಸಿತು. ಗೇಮ್ ತಯಾರಕರ ಸಂಘವೊಂದು ದೇಶದ ಸಾಂಸ್ಕೃತಿಕ ಸಂಸ್ಥೆಗಳ ಒಕ್ಕೂಟವಾದ ಜರ್ಮನ್ ಸಂಸ್ಕೃತಿ ಪರಿಷತ್ತಿನೊಳಗೆ ಪ್ರವೇಶ ಪಡೆದದ್ದೂ ಅದೇ ವರ್ಷ. ಸಾಹಿತ್ಯ, ಸಂಗೀತ, ರಂಗಭೂಮಿ, ಸಿನಿಮಾಗಳ ಪಂಕ್ತಿಯಲ್ಲಿ ವಿಡಿಯೋ ಗೇಮ್‌ಗೂ ಎಲೆ ಹಾಕಿದಂತಾಯಿತು.

ಎಲೆ ಹಾಕಿದರೂ ಬಡಿಸುವ ಮುಂಚೆ ಒಂದು ಷರತ್ತು ಇತ್ತು. ಪ್ರಶಸ್ತಿಗೆ ಬರುವ ಆಟ ಸಾಂಸ್ಕೃತಿಕವಾಗಿಯೂ ಶೈಕ್ಷಣಿಕವಾಗಿಯೂ ಮೌಲ್ಯವುಳ್ಳದ್ದಾಗಿರಬೇಕು. ಈ ಷರತ್ತನ್ನು ಒಂದು ಕ್ಷಣ ಬೇರೆ ಕಲೆಗಳ ಮೇಲೆ ಇಟ್ಟು ನೋಡಿ. ಒಂದು ಕಾದಂಬರಿ ಪ್ರಶಸ್ತಿಗೆ ಅರ್ಹವಾಗಬೇಕಾದರೆ ಅದು ಮಕ್ಕಳಿಗೆ ಪಾಠವಾಗುವಂತಿರಬೇಕು ಎಂದರೆ ನಾವು ನಗುತ್ತೇವೆ. ಆಟದ ವಿಷಯದಲ್ಲಿ ಯಾರೂ ನಗಲಿಲ್ಲ, ಯಾಕೆಂದರೆ ಆಟವೆಂದರೆ ಮಕ್ಕಳದು ಎಂಬ ನಂಬಿಕೆ ಗಟ್ಟಿಯಾಗಿ ಕೂತಿತ್ತು. ಮಗುವಿನ ಕೈಗೆ ಕೊಡುವ ವಸ್ತುವನ್ನು ಮೊದಲು ಸುರಕ್ಷಿತವೇ ಎಂದು ನೋಡುತ್ತಾರೆ, ಚೆನ್ನಾಗಿದೆಯೇ ಎನ್ನುವ ಪ್ರಶ್ನೆ ಆಮೇಲೆ ಬರುತ್ತದೆ.

ಮೊದಲ ವರ್ಷ ಅತ್ಯುತ್ತಮ ಜರ್ಮನ್ ಆಟವೆಂದು ಗೆದ್ದದ್ದು ಬರ್ಲಿನ್ನಿನ ರಾಡೋನ್ ಲ್ಯಾಬ್ಸ್ ತಯಾರಿಸಿದ 'ದ್ರಾಕೆನ್‌ಸಾಂಗ್'. ಜರ್ಮನಿಯಲ್ಲಿ 1984ರಿಂದ ಮೇಜಿನ ಸುತ್ತ ಕೂತು ಆಡಿಕೊಂಡು ಬಂದಿದ್ದ ಕಥನಾಟವೊಂದರ ಲೋಕವನ್ನು ಕಂಪ್ಯೂಟರಿಗೆ ತಂದ ಆಟ ಅದು. ಒಳ್ಳೆಯ ಆಯ್ಕೆಯೇ. ಆದರೆ ಮರುವರ್ಷ, 2010ರಲ್ಲಿ, ಆ ಸಂಸ್ಥೆ ದಿವಾಳಿಯೆದ್ದಿತು. ಹಾರ ಬಾಡುವ ಮುಂಚೆಯೇ ಮನೆ ಹರಾಜಿಗೆ ಬಂತು. ಇತ್ತ 2009ರ ಜೂನ್‌ನಲ್ಲಿ, ಅಂದರೆ ಮೊದಲ ಪ್ರಶಸ್ತಿ ಕೊಟ್ಟು ಮೂರು ತಿಂಗಳೊಳಗೆ, ಎಲ್ಲ ರಾಜ್ಯಗಳ ಗೃಹಸಚಿವರು ಸೇರಿ ಹಿಂಸಾತ್ಮಕ ಆಟಗಳ ಮಾರಾಟವಷ್ಟೇ ಅಲ್ಲ, ತಯಾರಿಕೆಯೂ ನಿಲ್ಲಬೇಕೆಂದು ಒತ್ತಾಯಿಸಿದ್ದರು. ಆಟವನ್ನು ಕಟ್ಟುವವರಿಗೆ ಅದೇ ದೇಶದಿಂದ ಏಕಕಾಲಕ್ಕೆ ಎರಡು ಪತ್ರ ಬಂದಂತಿತ್ತು: ಒಂದರಲ್ಲಿ ಅಭಿನಂದನೆ, ಇನ್ನೊಂದರಲ್ಲಿ ನೋಟಿಸು.

ಈ ಎರಡು ಪತ್ರಗಳು ಒಂದೇ ವಿಳಾಸಕ್ಕೆ ಬಂದದ್ದು 2012ರಲ್ಲಿ. ಆ ವರ್ಷ ತೀರ್ಪುಗಾರರು ಅತ್ಯುತ್ತಮ ಜರ್ಮನ್ ಆಟವೆಂದು ಆರಿಸಿದ್ದು 'ಕ್ರೈಸಿಸ್ 2'. ಫ್ರಾಂಕ್‌ಫರ್ಟ್‌ನ ಕ್ರೈಟೆಕ್ ಸಂಸ್ಥೆಯ ಆಟ, ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ ಎಂಬ ಮುದ್ರೆ ಹೊತ್ತ ಶೂಟರ್. ನಾಮನಿರ್ದೇಶನದ ಹಂತದಲ್ಲೇ ಗದ್ದಲ ಎದ್ದಿತು. ಆಳುವ ಸಿಡಿಯು-ಸಿಎಸ್‌ಯು ಪಕ್ಷಗಳ ಸಂಸ್ಕೃತಿ ವಕ್ತಾರ ವೋಲ್ಫ್‌ಗಾಂಗ್ ಬ್ಯೋರ್ನ್‌ಸೆನ್ ಇಂಥ ಆಟ ಸರ್ಕಾರದ ಪ್ರಶಸ್ತಿಯ ಹತ್ತಿರ ಸುಳಿಯುವುದನ್ನೇ ಆಕ್ಷೇಪಿಸಿದರು. ಎರ್ಫುರ್ಟ್‌ಗೆ ಹತ್ತು ವರ್ಷ ತುಂಬಿದ ತಿಂಗಳಲ್ಲೇ ಈ ಪ್ರಶಸ್ತಿ ಬಂದದ್ದು ಮಾತಿಗೆ ಇನ್ನಷ್ಟು ಕಾವು ಕೊಟ್ಟಿತು. ಆದರೂ ತೀರ್ಪುಗಾರರು ಮಣಿಯಲಿಲ್ಲ. ಪ್ರಶಸ್ತಿ ಕ್ರೈಸಿಸ್‌ಗೇ ಹೋಯಿತು.

ಈ ಘಟನೆಯನ್ನು ಸಾಮಾನ್ಯವಾಗಿ ಸ್ವಾತಂತ್ರ್ಯದ ಗೆಲುವು ಎಂದು ಹೇಳುವುದುಂಟು. ತೀರ್ಪುಗಾರರ ಬೆನ್ನುಮೂಳೆಯ ಬಗ್ಗೆ ನನಗೂ ಗೌರವವಿದೆ. ಆದರೆ ಆ ಜಗಳದಲ್ಲಿ ಎರಡೂ ಕಡೆಯವರು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ: ಆ ಆಟ ಏನು ಹೇಳುತ್ತದೆ?

ಕ್ರೈಸಿಸ್ 2 ನಡೆಯುವುದು ನ್ಯೂಯಾರ್ಕಿನಲ್ಲಿ. ಅನ್ಯಗ್ರಹದ ಜೀವಿಗಳು ನಗರವನ್ನು ಮುತ್ತಿವೆ. ಸಾಯುವ ಸ್ಥಿತಿಯಲ್ಲಿರುವ ಅಮೆರಿಕನ್ ಸೈನಿಕನೊಬ್ಬನಿಗೆ ನ್ಯಾನೊಸೂಟ್ ಎಂಬ ಅದ್ಭುತ ಕವಚ ತೊಡಿಸುತ್ತಾರೆ. ಅದು ಅವನನ್ನು ಬದುಕಿಸುತ್ತದೆ, ಬೇಕೆಂದಾಗ ಅದೃಶ್ಯನಾಗಿಸುತ್ತದೆ, ಬೇಕೆಂದಾಗ ಕಲ್ಲಾಗಿಸುತ್ತದೆ. ಇಡೀ ಆಟದುದ್ದಕ್ಕೂ ಈ ನಾಯಕ ಬಾಯಿ ಬಿಟ್ಟು ಮಾತಾಡುವುದು ಇಲ್ಲವೆನ್ನುವಷ್ಟು ಕಡಿಮೆ, ಮಾತಾಡುವುದು ಅವನ ಕವಚ. ಯೋಚಿಸಿದರೆ ಇದೊಂದು ಭಯಾನಕವಾದ ಕಲ್ಪನೆ. ಮನುಷ್ಯ ಕವಚ ತೊಟ್ಟಿದ್ದಾನೋ, ಕವಚವೇ ಒಂದು ಹೆಣವನ್ನು ತೊಟ್ಟು ನಡೆಯುತ್ತಿದೆಯೋ? ಕಥೆ ಬರೆದ ಬ್ರಿಟಿಷ್ ವೈಜ್ಞಾನಿಕ ಕಾದಂಬರಿಕಾರ ರಿಚರ್ಡ್ ಮಾರ್ಗನ್ ಈ ಪ್ರಶ್ನೆಯ ಬಾಗಿಲವರೆಗೆ ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಇನ್ನೊಂದು ಹಿಂಡು ಶತ್ರುಗಳು ಬೀಳುತ್ತವೆ, ಬಾಗಿಲು ಮುಚ್ಚುತ್ತದೆ. ಒಡೆದು ಬೀಳುವ ಗಾಜಿನ ಗೋಪುರಗಳ ಮೇಲೆ ಬೆಳಕು ಬೀಳುವ ರೀತಿಯನ್ನು ಅಷ್ಟು ಶ್ರದ್ಧೆಯಿಂದ ಲೆಕ್ಕ ಹಾಕಿದ ಆಟ, ತನ್ನ ನಾಯಕ ಬದುಕಿದ್ದಾನೆಯೇ ಎನ್ನುವುದನ್ನು ಅದೇ ಶ್ರದ್ಧೆಯಿಂದ ಕೇಳುವುದಿಲ್ಲ. ನನ್ನ ಓದಿನಲ್ಲಿ ಅದರ ಸೋಲು ಇಲ್ಲಿದೆ. ಅದು ಹಿಂಸೆಯನ್ನು ತೋರಿಸಿತು ಎಂಬುದರಲ್ಲಿಲ್ಲ.

ವಿರೋಧಿಸಿದವರು ನೋಡಿದ್ದು ಮುದ್ರೆಯ ಸಂಖ್ಯೆಯನ್ನು: 18. ಸಮರ್ಥಿಸಿದವರು ತೋರಿಸಿದ್ದು ತಂತ್ರಜ್ಞಾನವನ್ನು: ಜಗತ್ತಿನ ಮುಂದೆ ಜರ್ಮನಿ ತಲೆಯೆತ್ತಿ ನಿಲ್ಲಬಲ್ಲ ಚಿತ್ರಯಂತ್ರ ಇದು ಎಂದರು. ಒಬ್ಬರದು ಅಪಾಯದ ಲೆಕ್ಕ, ಇನ್ನೊಬ್ಬರದು ಹೆಮ್ಮೆಯ ಲೆಕ್ಕ. ಆಟವನ್ನು ಕೃತಿಯಾಗಿ ಓದಿದವರ ದನಿ ಈ ನಡುವೆ ಕೇಳಿಸಲೇ ಇಲ್ಲ.

ಹೆಮ್ಮೆಯ ಲೆಕ್ಕವಾದರೂ ಸರಳವಾಗಿತ್ತೇ? ನಮ್ಮ ನೆಲದ ಆಟ ಎಂದರೆ ಏನು? ಕ್ರೈಟೆಕ್ ಕಟ್ಟಿದವರು ಟರ್ಕಿಯಿಂದ ದುಡಿಯಲು ಬಂದ ಕುಟುಂಬದ ಮೂವರು ಅಣ್ಣತಮ್ಮಂದಿರಾದ ಯೆರ್ಲಿ ಸಹೋದರರು. ಕಥೆಗಾರ ಬ್ರಿಟಿಷರು, ಪ್ರಕಾಶಕರು ಅಮೆರಿಕದ ಇಎ, ಕಥೆಯ ಊರು ನ್ಯೂಯಾರ್ಕ್. ಟರ್ಕಿಶ್ ಮೂಲದ ಮಕ್ಕಳು ಕಟ್ಟಿದ ಕೆಲಸವನ್ನು ದೇಶ ತನ್ನದೆಂದು ಕರೆದದ್ದು ಸಣ್ಣ ಸಂಗತಿಯಲ್ಲ, ಆ ಮಟ್ಟಿಗೆ ಪ್ರಶಸ್ತಿ ಒಂದು ಒಳ್ಳೆಯ ಕೆಲಸ ಮಾಡಿತು. ಆದರೆ ತಯಾರಕರ ವಿಳಾಸ ಫ್ರಾಂಕ್‌ಫರ್ಟ್ ಎಂಬುದನ್ನು ಬಿಟ್ಟರೆ ಆ ಆಟ ಯಾವ ಸಮಾಜದೊಂದಿಗೆ ಮಾತಾಡುತ್ತಿದೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ಇಲ್ಲಿ ನನಗೆ ನಮ್ಮ 'ಸಂಸ್ಕಾರ' ಸಿನಿಮಾ ನೆನಪಾಗುತ್ತದೆ. 1970ರ ಆ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಅದೇ ಚಿತ್ರಕ್ಕೆ ಮುಂದೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು, ಕನ್ನಡಕ್ಕೆ ಮೊದಲನೆಯದು. ಬೆತ್ತವೂ ಹಾರವೂ ಒಂದೇ ಸರ್ಕಾರದ ಎರಡು ಕೈಗಳಿಂದ ಬಂದದ್ದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ನೆಲದ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ. ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಹಾಗಿದ್ದೂ ಅದು ಕನ್ನಡದ ಚಿತ್ರವೇ ಎಂದು ಯಾರೂ ಕೇಳಲಿಲ್ಲ. ಪ್ರಾಣೇಶಾಚಾರ್ಯರ ಸಂಕಟ ಯಾವ ಅಗ್ರಹಾರದ್ದು, ಯಾರ ಎದುರಿಗೆ ಇಟ್ಟದ್ದು ಎಂಬುದರಲ್ಲಿ ಅದರ ನೆಲ ಇತ್ತು. ಕ್ರೈಸಿಸ್‌ನ ಕವಚಕ್ಕೆ ಅಂಥ ಅಗ್ರಹಾರವೇ ಇಲ್ಲ.

ಇನ್ನೂ ಒಂದು ವ್ಯತ್ಯಾಸವಿದೆ, ಅದೇ ನನಗೆ ಮುಖ್ಯ. ಸಂಸ್ಕಾರದ ಸುತ್ತ ಎದ್ದ ಜಗಳದಲ್ಲಿ ಪರ ನಿಂತವರೂ ವಿರುದ್ಧ ನಿಂತವರೂ ಕೃತಿಯ ಒಳಗಿನ ವಿಷಯಕ್ಕೇ ಜಗಳವಾಡಿದರು. ಬ್ರಾಹ್ಮಣ್ಯದ ಚಿತ್ರಣ ಸರಿಯೇ, ಚಂದ್ರಿಯ ಪಾತ್ರ ಏನಾಯಿತು, ನಾರಣಪ್ಪನ ಹೆಣ ಯಾವುದರ ಸಂಕೇತ ಎಂಬ ವಾದಗಳು ಕಾದಂಬರಿ ಬಂದ 1965ರಿಂದಲೇ ಸಾಗಿದ್ದವು. ಚಿತ್ರಕ್ಕೆ ಪದಕ ಬರುವ ಹೊತ್ತಿಗೆ ಅದನ್ನು ಓದಬಲ್ಲ ಒಂದು ವಿಮರ್ಶೆಯ ಭಾಷೆ ಸಿದ್ಧವಾಗಿತ್ತು. ಪ್ರಶಸ್ತಿ ಆ ಮಾತುಕತೆಯ ನಡುವೆ ಬಂದು ಕೂತಿತು. ಜರ್ಮನಿಯಲ್ಲಿ ಪ್ರಶಸ್ತಿಯೇ ಮೊದಲು ಬಂತು. ಆಟಗಳ ಬಗ್ಗೆ ಬರೆಯುವವರು ಅಲ್ಲಿ ಇರಲಿಲ್ಲ ಎಂದಲ್ಲ, ಅವರ ಮಾತು ಸಂಸತ್ತಿನವರೆಗೆ ಮುಟ್ಟಿರಲಿಲ್ಲ.

ಅದು ಮುಟ್ಟಿದ್ದರೆ ಏನಾಗುತ್ತಿತ್ತು ಎಂದು ನೋಡಲು ಮರುವರ್ಷವೇ ಒಂದು ಅವಕಾಶ ಬಂದಿತ್ತು. 2012ರ ಜೂನ್‌ನಲ್ಲಿ ಬರ್ಲಿನ್ನಿನ ಯಾಗರ್ ಸಂಸ್ಥೆಯ 'ಸ್ಪೆಕ್ ಆಪ್ಸ್: ದ ಲೈನ್' ಬಿಡುಗಡೆಯಾಯಿತು. ಹೊರನೋಟಕ್ಕೆ ಅದೂ ಒಂದು ಶೂಟರ್. ಮರಳ ಬಿರುಗಾಳಿಯಲ್ಲಿ ಹೂತುಹೋದ ದುಬೈಗೆ ಅಮೆರಿಕನ್ ಸೈನಿಕ ವಾಕರ್ ತನ್ನ ಇಬ್ಬರು ಸಂಗಡಿಗರೊಂದಿಗೆ ಬರುತ್ತಾನೆ, ಕಾಣೆಯಾದ ಕರ್ನಲ್ ಕೋನ್ರಾಡ್‌ನನ್ನು ಹುಡುಕಿಕೊಂಡು. ಹೆಸರೇ ಸುಳಿವು ಕೊಡುತ್ತದೆ: ಜೋಸೆಫ್ ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಇದರ ಹಿಂದಿದೆ.

ಆಟದ ನಡುವೆ ಒಂದು ಘಟ್ಟವಿದೆ. ಎದುರಿನ ಪಡೆ ದೊಡ್ಡದು. ವಾಕರ್ ಬಿಳಿ ರಂಜಕದ ಮದ್ದು ಹಾರಿಸಲು ನಿರ್ಧರಿಸುತ್ತಾನೆ. ಆಗ ಪರದೆಯ ಮೇಲೆ ನಮಗೆ ಕಾಣುವುದು ಮೇಲಿನಿಂದ ತೆಗೆದ ಕಪ್ಪುಬಿಳುಪು ಚಿತ್ರ, ಅದರಲ್ಲಿ ಬಿಳಿ ಚುಕ್ಕೆಗಳು. ಗುರಿಯಿಟ್ಟು ಒತ್ತುತ್ತೇವೆ, ಚುಕ್ಕೆಗಳು ಆರುತ್ತವೆ. ಇಂಥ ದೃಶ್ಯ ಬೇರೆ ಎಷ್ಟೋ ಆಟಗಳಲ್ಲಿ ಬಂದಿದೆ, ಅಲ್ಲಿಗೇ ಮುಗಿದೂ ಹೋಗಿದೆ. ಇಲ್ಲಿ ಮುಗಿಯುವುದಿಲ್ಲ. ಆಟ ನಮ್ಮನ್ನು ಕೆಳಗಿಳಿಸಿ, ಆ ಚುಕ್ಕೆಗಳ ನಡುವೆ ನಿಧಾನವಾಗಿ ನಡೆಸುತ್ತದೆ. ಓಡಲು ಆಗುವುದಿಲ್ಲ. ಕೊನೆಯಲ್ಲಿ ಗುಂಪಾಗಿ ಕೂತಿದ್ದ ಚುಕ್ಕೆಗಳು ಸೈನಿಕರಲ್ಲ, ಆಶ್ರಯ ಪಡೆದಿದ್ದ ಊರ ಜನ ಎಂದು ಗೊತ್ತಾಗುತ್ತದೆ. ಮಗುವಿನ ಕಣ್ಣು ಮುಚ್ಚಿ ಹಿಡಿದ ತಾಯಿಯ ಸುಟ್ಟ ದೇಹದ ಮುಂದೆ ಆಟ ನಮ್ಮನ್ನು ನಿಲ್ಲಿಸುತ್ತದೆ. ಇದನ್ನು ಸಿನಿಮಾ ತೋರಿಸಬಲ್ಲದು, ಕಾದಂಬರಿ ಬಣ್ಣಿಸಬಲ್ಲದು. ಆದರೆ ಗುಂಡಿ ಒತ್ತಿದ ಬೆರಳು ನಮ್ಮದೇ ಎಂಬ ಸಂಕಟ ಆಟಕ್ಕೆ ಮಾತ್ರ ಸಾಧ್ಯ.

ದೋಷವಿಲ್ಲದ ಕೃತಿಯೇನಲ್ಲ ಇದು. ಬೇರೆ ದಾರಿ ಕೊಡದೆ ಒತ್ತಿಸಿ, ಆಮೇಲೆ ಒತ್ತಿದ್ದು ನೀನೇ ಎಂದು ಹಂಗಿಸುವುದು ಮೋಸವಲ್ಲವೇ ಎಂಬ ಆಕ್ಷೇಪಕ್ಕೆ ಆಧಾರವಿದೆ. ಚಿನುವ ಅಚಿಬೆ 1975ರ ತಮ್ಮ ಉಪನ್ಯಾಸದಲ್ಲಿ ಕಾನ್ರಾಡ್ ಮೇಲೆ ಹೊರಿಸಿದ ಆರೋಪವೂ ಇದಕ್ಕೆ ತಟ್ಟುತ್ತದೆ: ಬಿಳಿಯ ಮನುಷ್ಯನ ಮನಸ್ಸು ಒಡೆಯುವುದನ್ನು ತೋರಿಸಲು ಒಂದು ಇಡೀ ನಾಡು ಹಿನ್ನೆಲೆಯ ಪರದೆಯಾಗುತ್ತದೆ, ಆ ದುಬೈನ ಜನಕ್ಕೆ ಹೆಸರೂ ಇಲ್ಲ, ಮಾತೂ ಇಲ್ಲ. ಇವೆಲ್ಲ ಆಡಬೇಕಾದ ಜಗಳಗಳು. ಕಿಲ್ಲರ್‌ಶ್ಪೀಲೆ ಎಂಬ ಪದ ಹುಟ್ಟಿದ ದೇಶದಲ್ಲೇ, ಕೊಲ್ಲುವ ಆಟವನ್ನು ಒಳಗಿನಿಂದ ಪ್ರಶ್ನಿಸುವ ಕೃತಿಯೊಂದು ಹುಟ್ಟಿತ್ತು. ರಾಷ್ಟ್ರೀಯ ಪ್ರಶಸ್ತಿಗೆ ಈ ಜಗಳವಾಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. 2013ರಲ್ಲಿ ಅತ್ಯುತ್ತಮ ಜರ್ಮನ್ ಆಟವೆಂದು ಗೆದ್ದದ್ದು ಹ್ಯಾಂಬರ್ಗಿನ ಡೀಡಾಲಿಕ್ ಸಂಸ್ಥೆಯ 'ಖಾಒಸ್ ಔಫ್ ಡೆಪೋನಿಯಾ', ಕಸದ ಗ್ರಹವೊಂದರ ಮೇಲೆ ನಡೆಯುವ ಹಾಸ್ಯಕಥೆ. ಲವಲವಿಕೆಯ, ಜಾಣ ಆಟ. ಯಾರ ನಿದ್ದೆಯೂ ಕೆಡಲಿಲ್ಲ.

2014ರಲ್ಲಿ ಪ್ರಶಸ್ತಿಯ ಮನೆ ಬದಲಾಯಿತು. ಅಲ್ಲಿಯವರೆಗೆ ಅದು ಸರ್ಕಾರದ ಸಂಸ್ಕೃತಿ ವಿಭಾಗದ ಅಡಿ ಇತ್ತು. ಆ ವರ್ಷ ಸಾರಿಗೆ ಮತ್ತು ಡಿಜಿಟಲ್ ಮೂಲಸೌಕರ್ಯ ಸಚಿವಾಲಯಕ್ಕೆ ಹೋಯಿತು. 2021ರ ಕೊನೆಯಲ್ಲಿ ಹೊಸ ಸರ್ಕಾರ ಬಂದಾಗ ಆರ್ಥಿಕ ಸಚಿವಾಲಯಕ್ಕೆ, 2025ರಲ್ಲಿ ಸಂಶೋಧನೆ, ತಂತ್ರಜ್ಞಾನ ಮತ್ತು ಬಾಹ್ಯಾಕಾಶ ಸಚಿವಾಲಯಕ್ಕೆ. ಉದ್ಯಮಕ್ಕೆ ಇದರಿಂದ ಅನುಕೂಲವೇ ಆಯಿತು. ಅನುದಾನ ಬಂತು, ಹೊಸಬರಿಗೂ ವಿದ್ಯಾರ್ಥಿಗಳಿಗೂ ಬಹುಮಾನದ ಹಣ ಸಿಕ್ಕಿತು. ಸಣ್ಣ ತಂಡವೊಂದಕ್ಕೆ ಆ ಹಣ ಮುಂದಿನ ಒಂದು ವರ್ಷದ ಬಾಡಿಗೆಯೂ ಊಟವೂ ಆಗಬಲ್ಲದು, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ರಸ್ತೆ, ರೈಲು, ಕೇಬಲ್ಲುಗಳ ಕಡತದ ಪಕ್ಕ ಕೂತ ಮೇಲೆ ಆಟಕ್ಕೆ ಕೇಳುವ ಪ್ರಶ್ನೆಯೂ ಬದಲಾಯಿತು. ಮೊದಲು ಕೇಳುತ್ತಿದ್ದರು: ಇದರಿಂದ ಅಪಾಯವಿದೆಯೇ? ಈಗ ಕೇಳುತ್ತಾರೆ: ಇದರಿಂದ ಬೆಳವಣಿಗೆ ಇದೆಯೇ? ಎರಡೂ ಆಟದ ಹೊರಗೆ ನಿಂತು ಕೇಳುವ ಪ್ರಶ್ನೆಗಳೇ.

ಇದರ ಬೆಲೆ ಏನು ಎಂಬುದು 2020ರ ಫಲಿತಾಂಶದಲ್ಲಿ ಕಾಣುತ್ತದೆ. ಕೋವಿಡ್ ಕಾರಣಕ್ಕೆ ಸಭಿಕರಿಲ್ಲದೆ ನಡೆದ ಆ ವರ್ಷದ ಸಮಾರಂಭದಲ್ಲಿ ಅತ್ಯುತ್ತಮ ಜರ್ಮನ್ ಆಟವಾಗಿ ಗೆದ್ದದ್ದು 'ಆನ್ನೊ 1800'. ಗಂಭೀರ ಆಟಗಳ ವಿಭಾಗದಲ್ಲಿ ಗೆದ್ದದ್ದು 'ಥ್ರೂ ದ ಡಾರ್ಕೆಸ್ಟ್ ಆಫ್ ಟೈಮ್ಸ್'. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು.

ಆನ್ನೊ 1800 ಊರು ಕಟ್ಟುವ ಆಟ. ಹತ್ತೊಂಬತ್ತನೆಯ ಶತಮಾನದ ಯುರೋಪು, ಹೊಗೆಯುಗುಳುವ ಕಾರ್ಖಾನೆ, ಬಂದರು, ಹಡಗು. ಹಾಳೆಯ ಮೇಲೆ ಕಸೂತಿ ಹಾಕಿದಷ್ಟು ಚೆಂದದ ಬೀದಿಗಳು. ಊರು ಬೆಳೆದಂತೆ ಜನರ ಬೇಡಿಕೆ ಬೆಳೆಯುತ್ತದೆ; ಎಂಜಿನಿಯರುಗಳಿಗೆ ಕಾಫಿ ಬೇಕು. ಕಾಫಿ ಯುರೋಪಿನಲ್ಲಿ ಬೆಳೆಯುವುದಿಲ್ಲ. ಆಗ ಹಡಗು ಕಳಿಸಿ ಹೊಸ ಜಗತ್ತಿನ ದ್ವೀಪಗಳಲ್ಲಿ ತೋಟ ಹಾಕಬೇಕು: ಕಬ್ಬು, ಹತ್ತಿ, ಕಾಫಿ. ಅಲ್ಲಿ ದುಡಿಯುವವರಿಗೆ ಹೊರ್ನಲೆರೊ ಎಂದು ಹೆಸರು, ಸ್ಪ್ಯಾನಿಷಿನಲ್ಲಿ ದಿನಗೂಲಿಯವ ಎಂದು ಅರ್ಥ. ಕರಿದ ಬಾಳೆಕಾಯಿ, ಹೊದೆಯಲು ಪೊಂಚೊ, ಕುಡಿಯಲು ರಮ್ ಒದಗಿಸಿದರೆ ಅವರು ಸಂತುಷ್ಟರು. ಸಾವಿರದ ಎಂಟುನೂರರ ಕಬ್ಬಿನ, ಹತ್ತಿಯ, ಕಾಫಿಯ ತೋಟಗಳನ್ನು ಇಷ್ಟು ವಿವರವಾಗಿ ಕಟ್ಟಿದ ಆಟದಲ್ಲಿ ಗುಲಾಮಗಿರಿ ಇಲ್ಲ. ಸರಪಳಿ, ಹರಾಜು, ಚಾಟಿ ಯಾವುದೂ ಇಲ್ಲ.

ಇಲ್ಲಿ ಯಾರೂ ಗುಂಡು ಹಾರಿಸಿ ರಕ್ತ ಚೆಲ್ಲುವುದನ್ನು ನಾವು ಹತ್ತಿರದಿಂದ ನೋಡುವುದಿಲ್ಲ. ಮಕ್ಕಳೂ ಆಡಬಹುದು. 2009ರ ಷರತ್ತಿನ ಪ್ರಕಾರವೂ ಇದು ನಿರಪಾಯಕಾರಿ, 2014ರ ನಂತರದ ಲೆಕ್ಕದಲ್ಲೂ ದೊಡ್ಡ ಯಶಸ್ಸು. ಹೊರಗಿನ ಎರಡೂ ಪ್ರಶ್ನೆಗಳಿಗೆ ಅದರಲ್ಲಿ ಸರಿಯುತ್ತರ ಇತ್ತು. ಕಾಫಿ ತೋಟದ ಲೈನ್ ಮನೆಗಳನ್ನು ಕಂಡು ಬೆಳೆದ ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಮಾತ್ರ ಇದನ್ನು ವಿವರಿಸಬೇಕಿಲ್ಲ: ತೋಟದ ಕಥೆಯಲ್ಲಿ ಆಳಿನ ಕಥೆಯನ್ನು ಬಿಟ್ಟರೆ ಉಳಿಯುವುದು ಮಾಲೀಕನ ಲೆಕ್ಕದ ಪುಸ್ತಕ. ಆನ್ನೊ ಆಡುವವನ ಕೈಗೆ ಕೊಡುವುದು ಆ ಪುಸ್ತಕವನ್ನೇ. ಆ ಆಟವನ್ನು ಆಡಬಾರದು ಎಂದು ನಾನು ಹೇಳುತ್ತಿಲ್ಲ; ನಾನೂ ಅದರ ಮುಂದೆ ರಾತ್ರಿಗಳನ್ನು ಕಳೆದಿದ್ದೇನೆ, ಹಡಗಿನ ದಾರಿ ಸರಿಪಡಿಸುತ್ತ ಹೊತ್ತು ಹೋದದ್ದೇ ತಿಳಿಯದೆ. ಆ ಸುಖದಲ್ಲೇ ಅದರ ರಾಜಕೀಯ ಇದೆ. ತೋಟ ಸರಾಗವಾಗಿ ನಡೆದಾಗ ಆಗುವ ಸಮಾಧಾನ ಯಾರ ಸಮಾಧಾನ ಎಂದು ಕೇಳಿಕೊಳ್ಳಲು ಆಟ ಬಿಡುವು ಕೊಡುವುದಿಲ್ಲ.

ಥ್ರೂ ದ ಡಾರ್ಕೆಸ್ಟ್ ಆಫ್ ಟೈಮ್ಸ್ ಬರ್ಲಿನ್ನಿನ ಪೇಂಟ್‌ಬಕೆಟ್ ಗೇಮ್ಸ್ ಎಂಬ ಸಣ್ಣ ತಂಡದ್ದು. 1933ರ ಬರ್ಲಿನ್ನಿನಲ್ಲಿ ಶುರುವಾಗಿ ಯುದ್ಧದ ಕೊನೆಯವರೆಗೆ ಸಾಗುವ ಆಟ. ನಾವು ಹಿಟ್ಲರ್ ವಿರೋಧಿಗಳ ಒಂದು ಪುಟ್ಟ ಗುಂಪನ್ನು ನಡೆಸಬೇಕು. ವಾರಕ್ಕೊಂದು ಸರದಿ. ಕಾಗದ ಕೊಳ್ಳಬೇಕು, ಕರಪತ್ರ ಹಂಚಬೇಕು, ಚಂದಾ ಎತ್ತಬೇಕು, ಗೋಡೆಗೆ ಬರೆಯಬೇಕು. ಪ್ರತಿ ಕೆಲಸದಲ್ಲೂ ಯಾರೋ ಒಬ್ಬರು ಸಿಕ್ಕಿಬೀಳುವ ಸಂಭವ. ಹಿಟ್ಲರನನ್ನು ಸೋಲಿಸಲು ಆಗುವುದಿಲ್ಲ, ಅದು ಮೊದಲೇ ಗೊತ್ತು. ಎದೆಗುಂದದೆ ಇನ್ನೊಂದು ವಾರ ದಾಟುವುದೇ ಆಟ. ಎಲ್ಲ ಆಟಗಳೂ ಕಲಿಸಿದ ಗೆಲುವಿನ ಅರ್ಥವನ್ನೇ ಇದು ತಿದ್ದುತ್ತದೆ. ಗೆಲ್ಲಲಾಗದ ಕಡೆ ಏನು ಮಾಡಿದೆ ಎಂಬುದೇ ಲೆಕ್ಕ.

ಈ ಆಟ ಸಾಧ್ಯವಾಗಲೂ ಕಾನೂನಿನ ಒಂದು ಓದು ಬದಲಾಗಬೇಕಾಯಿತು. ಜರ್ಮನಿಯಲ್ಲಿ ನಾತ್ಸಿ ಚಿಹ್ನೆಗಳ ಪ್ರದರ್ಶನ ನಿಷಿದ್ಧ. ಸಿನಿಮಾಕ್ಕೂ ನಾಟಕಕ್ಕೂ ಕಲೆಯೆಂಬ ವಿನಾಯಿತಿ ಇತ್ತು, ಆಟಕ್ಕೆ ಇರಲಿಲ್ಲ. 2017ರ 'ವೋಲ್ಫೆನ್‌ಸ್ಟೈನ್ 2' ಆಟದ ಜರ್ಮನ್ ಆವೃತ್ತಿಯಲ್ಲಿ ಹಿಟ್ಲರನ ಮೀಸೆ ತೆಗೆದು ಅವನ ಹೆಸರನ್ನು ಹೈಲರ್ ಎಂದು ಬದಲಿಸಿದ್ದರು. ಮೀಸೆ ಬೋಳಿಸಿದ ಹಿಟ್ಲರ್! 2018ರ ಆಗಸ್ಟ್‌ನಲ್ಲಿ ವಯೋಮಿತಿ ನಿರ್ಧರಿಸುವ ಸಂಸ್ಥೆ ಆಟಗಳನ್ನೂ ಒಂದೊಂದಾಗಿ, ಸಂದರ್ಭ ನೋಡಿ ಪರಿಶೀಲಿಸುವುದಾಗಿ ಹೇಳಿದ ಮೇಲೆ, ಸ್ವಸ್ತಿಕವನ್ನು ಅದಿರುವಂತೆಯೇ ತೋರಿಸಿ ಮೊದಲು ಬಂದ ಆಟಗಳಲ್ಲಿ ಇದೂ ಒಂದು. ಸಂದರ್ಭ ನೋಡಿ ಎಂದರೆ ಓದಿ ಎಂದೇ ಅರ್ಥ. ಜರ್ಮನಿಯ ಗೇಮ್ ಚರಿತ್ರೆಯಲ್ಲಿ ಆಟದ ಒಳಹೊಕ್ಕು ನೋಡಿದ ದೊಡ್ಡ ತೀರ್ಮಾನ ಬಂದದ್ದು ಹಾರ ಹಿಡಿದ ಕೈಯಿಂದಲ್ಲ, ಬೆತ್ತ ಹಿಡಿದ ಕೈಯಿಂದ ಎಂಬುದು ವಿಚಿತ್ರವಾದರೂ ನಿಜ.

ಅಂಥ ಆಟಕ್ಕೆ ಬಹುಮಾನ ಬಂತಲ್ಲ, ಇನ್ನೇನು ಬೇಕು ಎನ್ನಬಹುದು. ಬಂದದ್ದು ಗಂಭೀರ ಎಂಬ ಪ್ರತ್ಯೇಕ ಕೋಣೆಯಲ್ಲಿ. ಅತ್ಯುತ್ತಮ ಎಂಬ ಹಜಾರದಲ್ಲಿ ಲೆಕ್ಕದ ಪುಸ್ತಕ ಕೂತಿತ್ತು. ಒಂದು ದೇಶ ತನ್ನ ಚರಿತ್ರೆಯನ್ನು ಎದುರಿಸುವ ಕೃತಿಯನ್ನು ಶಿಕ್ಷಣದ ಬುಟ್ಟಿಗೆ ಹಾಕಿ, ಚರಿತ್ರೆಯನ್ನು ಒರೆಸಿ ನುಣ್ಣಗೆ ಮಾಡಿದ ಕೃತಿಯನ್ನು ಕಲೆಯೆಂದು ಕರೆಯುವುದು ತೀರ್ಪುಗಾರರ ಕೆಟ್ಟತನವಲ್ಲ. ಅವರ ಕೈಲಿದ್ದ ಅಳತೆಗೋಲುಗಳು ಹಾಗಿದ್ದವು.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಸರ್ಕಾರದ ಹಣ ಹಂಚುವ ತೀರ್ಪುಗಾರರು ಆಟದ ಆಶಯವನ್ನು ಓದಿ ಬೆಲೆ ಕಟ್ಟಲು ಕೂತರೆ ಅದು ಇನ್ನೊಂದು ಬಗೆಯ ಸೆನ್ಸಾರ್ ಆಗುವುದಿಲ್ಲವೇ? ಈ ಭಯ ಸಣ್ಣದಲ್ಲ. ಇವತ್ತಿನ ಭಾರತದಲ್ಲಂತೂ ಸಣ್ಣದಲ್ಲವೇ ಅಲ್ಲ. ಆದರೆ ಓದದೆ ಕೊಡುವ ಪ್ರಶಸ್ತಿ ನಿಷ್ಪಕ್ಷಪಾತವಾಗಿರುತ್ತದೆ ಎಂಬುದು ಭ್ರಮೆ. ಅದು ಚಾಲ್ತಿಯಲ್ಲಿರುವ ಕಥೆಗೆ ಮುದ್ರೆ ಒತ್ತುತ್ತದೆ, ಅಷ್ಟೆ. ಸೆನ್ಸಾರ್ ಅಧಿಕಾರಿ ಕಾರಣ ಹೇಳದೆ ಕತ್ತರಿಸಬಲ್ಲ. ವಿಮರ್ಶಕ ಕಾರಣ ಹೇಳಬೇಕು, ಹೇಳಿದ ಮೇಲೆ ಅದನ್ನು ಇನ್ನೊಬ್ಬ ಒಡೆಯಬಹುದು. ಆ ಒಡೆಯುವ ಅವಕಾಶ ಪ್ರಶಸ್ತಿಯ ಹೊರಗೆ, ಪತ್ರಿಕೆಗಳಲ್ಲಿ, ತರಗತಿಗಳಲ್ಲಿ, ಜಗಲಿಯ ಮಾತಿನಲ್ಲಿ ಇರಬೇಕು.

ಇದೆಲ್ಲ ನಮಗೆ ಯಾಕೆ? ಭಾರತದಲ್ಲಿ ಸಿನಿಮಾಕ್ಕೆ 1954ರಿಂದ ರಾಷ್ಟ್ರಪ್ರಶಸ್ತಿ ಇದೆ. ಅದರ ಸಾಲಿಗೆ ನಿಲ್ಲುವಂಥ ಪ್ರಶಸ್ತಿ ವಿಡಿಯೋ ಗೇಮ್‌ಗೆ ಇಲ್ಲ. ಉದ್ಯಮದವರು ತಮ್ಮ ಸಮ್ಮೇಳನಗಳಲ್ಲಿ ಕೊಡುವ ಬಹುಮಾನಗಳಿವೆ. ಸಿನಿಮಾದ ರಾಷ್ಟ್ರಪ್ರಶಸ್ತಿಯ ಪಟ್ಟಿಯಲ್ಲೇ ಈಚೆಗೆ ಎವಿಜಿಸಿ ಎಂಬ ವಿಭಾಗವೊಂದು ಬಂದಿದೆ: ಅನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್. ಅದು 2022ರ ಸಾಲಿಗೆ 'ಬ್ರಹ್ಮಾಸ್ತ್ರ'ಕ್ಕೂ 2023ರ ಸಾಲಿಗೆ 'ಹನುಮಾನ್'ಗೂ ಹೋಯಿತು. ಎರಡೂ ಸಿನಿಮಾಗಳು. ನಾಲ್ಕಕ್ಷರದ ನಡುವೆ ಗೇಮಿಂಗ್ ಎಂಬ ಒಂದಕ್ಷರ ಸುಮ್ಮನೆ ಕೂತಿದೆ.

ಆದರೆ ಅಂಥ ಪ್ರಶಸ್ತಿ ಬರುವ ದಿನ ದೂರವಿಲ್ಲ. ಕರ್ನಾಟಕ ಸರ್ಕಾರದ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್ಆರ್ ನೀತಿ ಆಟಗಳನ್ನು ಉದ್ಯೋಗ ಮತ್ತು ಹೂಡಿಕೆಯ ಭಾಷೆಯಲ್ಲಿ ನೋಡುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ದುಡ್ಡು ಕಳೆದುಕೊಂಡು ಬೀದಿಗೆ ಬಂದ ಮನೆಗಳನ್ನು ನೆನೆದರೆ ಅದಕ್ಕೆ ಬಲವಾದ ಕಾರಣವಿತ್ತು. ಹೀಗೆ ನಮ್ಮಲ್ಲೂ ಅದೇ ಎರಡು ಪ್ರಶ್ನೆಗಳು ಸಿದ್ಧವಾಗಿವೆ: ಅಪಾಯವೆಷ್ಟು, ಆದಾಯವೆಷ್ಟು. ಜೊತೆಗೆ ಮೂರನೆಯದೊಂದು ಬಂದಿದೆ: ಸ್ವದೇಶಿಯೇ? 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದ ಬೆನ್ನಲ್ಲೇ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಪ್ರಕಟಿಸಿದ 'ಫೌಜಿ' 2021ರ ಗಣರಾಜ್ಯೋತ್ಸವದಂದು ಬಿಡುಗಡೆಯಾಯಿತು. ಗಲ್ವಾನ್ ಕಣಿವೆಯನ್ನು ಹಿನ್ನೆಲೆಯಾಗಿಟ್ಟ ಆ ಆಟಕ್ಕೆ ಸಿಕ್ಕ ಸ್ವಾಗತದಲ್ಲಿ ಆಟದ ಬಗ್ಗೆ ಮಾತು ಬಹಳ ಕಡಿಮೆ ಇತ್ತು.

ನೆಲದ ಪ್ರಶ್ನೆ ಅಷ್ಟು ಸಲೀಸಲ್ಲ ಎಂದು ತೋರಿಸುವ ಆಟಗಳೂ ಇವೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' 2020ರಲ್ಲಿ ಬಂತು. ದೇವಸ್ಥಾನ, ಕೋಟೆ, ಪುರಾಣಗಳನ್ನೆಲ್ಲ ತುಂಬಿಕೊಂಡ ಆಟ ಅದು, ಆಡುವ ಮಾತು ಇಂಗ್ಲಿಷು. 'ವೆಂಬಾ' 2023ರಲ್ಲಿ ಬಂದದ್ದು ಕೆನಡಾದ ಟೊರಾಂಟೊದಿಂದ. ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದುಹೋದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುತ್ತಾಳೆ, ಮಗ ಅವಳ ಭಾಷೆಯಿಂದ ಮೆಲ್ಲಗೆ ದೂರವಾಗುತ್ತಾನೆ. ಅವಳ ಮಾತು ಮಗನ ಕಿವಿಗೆ ಮಸುಕಾಗುವುದನ್ನು ಪರದೆಯ ಮೇಲಿನ ಅಕ್ಷರಗಳೇ ಮಸುಕಾಗಿ ತೋರಿಸುತ್ತವೆ. ಆ ಆಟಕ್ಕೆ 2024ರಲ್ಲಿ ಬ್ರಿಟನ್ನಿನ ಬಾಫ್ತಾ ಚೊಚ್ಚಲ ಆಟದ ಪ್ರಶಸ್ತಿ ಬಂತು. ಪಾಸ್‌ಪೋರ್ಟ್ ನೋಡಿ ಕೊಡುವ ಭಾರತದ ಪ್ರಶಸ್ತಿಯೊಂದು ಇದ್ದರೆ ವೆಂಬಾ ಅದರ ಬಾಗಿಲಲ್ಲೇ ನಿಲ್ಲಬೇಕಾಗುತ್ತಿತ್ತು. ಬೇರೆ ಊರಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ತಾಯಂದಿರಿಗೆ ಮಾತ್ರ ಆ ಅಡುಗೆಮನೆ ಯಾವ ದೇಶದ್ದು ಎಂದು ಕೇಳಬೇಕಾಗಿಲ್ಲ.

ಜರ್ಮನಿಯ ಪ್ರಶಸ್ತಿ ಸೋತಿತು ಎಂದು ನಾನು ಹೇಳಲಾರೆ. ಆಟವನ್ನು ಪಂಕ್ತಿಗೆ ಕರೆದದ್ದು ಅದರ ಸಾಧನೆ, ಒಮ್ಮೆಯಾದರೂ ತಾನು ಕೊಟ್ಟ ಹಾರಕ್ಕಾಗಿ ಜಗಳವಾಡಿದ್ದು ಅದರ ಘನತೆ. ಆದರೆ ಹಾರ ಹಾಕುವುದಕ್ಕೂ ಓದುವುದಕ್ಕೂ ನಡುವಿನ ಅಂತರವನ್ನು ಯಾವ ಸಚಿವಾಲಯವೂ ದಾಟಿಸಲಾರದು. ಆ ಕೆಲಸ ಬರೆಯುವವರದು, ಆಡುವವರದು. ನಮ್ಮಲ್ಲಿ ಪ್ರಶಸ್ತಿ ಬರುವ ಮುಂಚೆ ಆ ಕೆಲಸ ಶುರುವಾದರೆ, ಮೊದಲ ಹಾರ ಯಾರ ಕೊರಳಿಗೆ ಬಿದ್ದರೂ ಅದು ಯಾಕೆ ಎಂದು ಕನ್ನಡದಲ್ಲೇ ಕೇಳಲು ನಾಲ್ಕು ಜನ ಇರುತ್ತಾರೆ.